ಯಾವ ಕಂದು?

ಫೆಬ್ರವರಿ ೩

ಶಾಲೆಗಳು ಶುರುವಾಗಿವೆ. ಎಂಟೆಬ್ಬೆಯ ತಾಯಂದಿರಿಗೆಲ್ಲ ಯೂನಿಫಾರಂ ನೆನಪಾಗುವುದು ಕೊನೆಯ ಗಳಿಗೆಯಲ್ಲೇ. ಬೆಳಗಿನಿಂದ ಲಂಗ, ಚಡ್ಡಿ, ಲಂಗ, ಚಡ್ಡಿ. ಹೋದ ವರ್ಷ ಇಷ್ಟೊತ್ತಿಗೆ ನನ್ನ ಮೆಷೀನು ಕಿಟೋರೊ ಮಾರುಕಟ್ಟೆಯಲ್ಲಿತ್ತು. ಸುತ್ತ ಹತ್ತು ಜನ ಹೆಂಗಸರು, ಚಹಾ, ಹರಟೆ. ಈಗ ಅದನ್ನು ಮನೆಯ ಜಗಲಿಗೆ ತಂದಿಟ್ಟುಕೊಂಡಿದ್ದೇನೆ. ನನ್ನ ಗಂಡ ಕಿಬೂಕಾನನ್ನು ಒಬ್ಬನನ್ನೇ ಬಿಟ್ಟು ಹೋಗುವಂತಿಲ್ಲ.

ಕ್ರಿಸ್‌ಮಸ್‌ಗೆ ಮುಂಚೆ ಅವನಿಗೆ ಲಕ್ವ ಹೊಡೆಯಿತು. ಬಲಗೈ ಸತ್ತಂತಿದೆ, ಬಲಗಾಲು ಎಳೆಯುತ್ತಾನೆ. ಈ ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದ ಕೈ ಅದು. ಮಾತು ಪೂರ್ತಿ ಹೋಯಿತು, ಒಂದು ಮಾತ್ರ ಉಳಿಯಿತು. "ಕಾಲೆ." ಆಯ್ತು, ಸರಿ ಅನ್ನಲು ನಾವು ದಿನಕ್ಕೆ ನೂರು ಸಲ ಆಡುವ ಮಾತು. ಹಸಿವಾದರೂ ಕಾಲೆ, ಸಿಟ್ಟು ಬಂದರೂ ಕಾಲೆ, ಬಟ್ಟೆ ಒದ್ದೆಯಾದರೂ ಕಾಲೆ. ಯಾವುದಕ್ಕೆ ಯಾವ ಕಾಲೆ ಎಂದು ಕಂಡುಹಿಡಿಯುವುದು ನನ್ನ ಕೆಲಸ.

ಈಸ್ಟರ್ ಮುಗಿದ ಮೇಲೆ ಅವನ ಅಕ್ಕ ತೆರೇಸಾ ಬಂದು ತಮ್ಮೂರು ಮಸಾಕಾಗೆ ಕರೆದುಕೊಂಡು ಹೋಗುತ್ತಾರೆ. "ನೀನೂ ಮನುಷ್ಯಳೇ ಅಲ್ವೇನಮ್ಮ ಅನ್ಯೇಸಿ, ಇನ್ನೆಷ್ಟು ದಿನ ಅಂತ ಮಾಡ್ತೀಯ" ಅಂದರು. ನಾನು ಬೇಡ ಅನ್ನಲಿಲ್ಲ. ಈಸ್ಟರ್ ಬೇಗ ಬರಲಿ.

ಸಂಜೆ ಬೇಲಿಯ ಮೇಲೆ ಬೂದು ಬಣ್ಣದ ಹಕ್ಕಿಯೊಂದು ಕೂತು ಹುಚ್ಚು ಹಿಡಿದ ಹಾಗೆ ನಗುತ್ತಿತ್ತು. ಫೋಟೋ ತೆಗೆದು 'ಸರೋವರದ ಸುತ್ತ' ಗುಂಪಿಗೆ ಹಾಕಿದೆ. ಹೋದ ವರ್ಷ ಮಾರುಕಟ್ಟೆಯ ಗೆಳತಿ ನನ್ನನ್ನು ಅದಕ್ಕೆ ಸೇರಿಸಿದ್ದಳು. ಸಮುದ್ರದಂಥ ನಮ್ಮ ಈ ಸರೋವರದ ಮೂರೂ ದಡಗಳ ಜನ, ಉಗಾಂಡಾ, ಕೀನ್ಯಾ, ತಾಂಜಾನಿಯಾದವರು, ಅಲ್ಲಿ ಹಕ್ಕಿ, ಹುಳ, ಹೂವಿನ ಫೋಟೋ ಹಾಕುತ್ತಾರೆ. ಎಂದಿನಂತೆ ಮೊದಲು ಬರೆದವರು ಕೀನ್ಯಾದ ಎಂಬಿಟಾ ಊರಿನ ನ್ಯಾಮೋಗೊ. ದೋಣಿ ಇಲಾಖೆಯಲ್ಲಿದ್ದು ನಿವೃತ್ತರಾದವರು, ಹಿರಿಯರೆಂದು ಎಲ್ಲರೂ ಅವರನ್ನು ಮ್ಜೇ ಅನ್ನುತ್ತಾರೆ. "ಮಗಳೇ, ಓಡ್ತಿರೋದು ಹಕ್ಕಿಯೋ ನೀನೋ?"

ನನ್ನ ಫೋಟೋಗಳು ಯಾವಾಗಲೂ ಅಲುಗಾಡಿರುತ್ತವೆ. ಹಳೆಯ ಫೋನು. ಅದಕ್ಕಿಂತ ಹಳೆಯ ಕೈ.

ಫೆಬ್ರವರಿ ೮

ಕರೆಂಟ್ ಇಲ್ಲ, ಇಸ್ತ್ರಿ ಇಲ್ಲ. ಗಂಜಿ ಚೆಲ್ಲಿದ. ಒರೆಸಿದೆ. ಮತ್ತೆ ಚೆಲ್ಲಿದ.

ಫೆಬ್ರವರಿ ೧೫

ಎದುರಿನ ಓಣಿಯ ಮುತುಬಾ ಮರದಲ್ಲಿ ಎರಡು ಕಂದು ಹಕ್ಕಿಗಳು ಕಡ್ಡಿ ಒಯ್ದು ಕವಲಿಗೆ ಸಿಕ್ಕಿಸುತ್ತಿವೆ. ತಲೆಯ ಹಿಂದಕ್ಕೆ ಜುಟ್ಟು, ಮುಂದಕ್ಕೆ ಕೊಕ್ಕು, ಒಟ್ಟಿನಲ್ಲಿ ಸುತ್ತಿಗೆ. ಫೋಟೋ ಹಾಕಿದೆ. ತಾಂಜಾನಿಯಾದ ಬುಕೋಬಾ ಊರಿನ ಫಿಲೆಮೋನಿ, ಔಷಧಿ ಅಂಗಡಿಯವನು, ತೋಳಿನಷ್ಟು ಉದ್ದದ ಕ್ಯಾಮೆರಾ ಇಟ್ಟುಕೊಂಡಿರುವವನು, ಕೂಡಲೇ ಬರೆದ: "ಬೆಳಕಿಗೆ ಬೆನ್ನು ಮಾಡಿ ನಿಂತು ತೆಗೆಯಬೇಕು ಮೇಡಂ. ಎಷ್ಟು ಸಲ ಹೇಳೋದು?" ಮ್ಜೇ ಬರೆದರು: "ಬೆಳಕಿಗೇನು ಬೆನ್ನು ಮಾಡೋದು ಫಿಲೆಮೋನಿ, ಅದೇನು ಮಾವನಾ, ಮುಖ ತಪ್ಪಿಸೋಕೆ? ಮಗಳೇ, ಈ ಹಕ್ಕಿ ಅರಮನೆ ಕಟ್ಟುತ್ತೆ. ಬಿಡಬೇಡ, ನೋಡ್ತಾ ಇರು."

ಕಾಜಾ ಹಾಕುವುದು ಬಾಕಿ ಇದೆ. ಹಕ್ಕಿ ನೋಡುತ್ತಾ ಕೂರುವುದಕ್ಕೆ ಯಾರಿಗೆ ಪುರುಸೊತ್ತು.

ಫೆಬ್ರವರಿ ೨೩

ಇವತ್ತು ಮ್ಜೇ ನ್ಯಾಮೋಗೊ ಫೋನು ಮಾಡಿದರು, ಗುಂಪಿನಲ್ಲಲ್ಲ, ನೇರವಾಗಿ ನನಗೆ. ಹಿಂದೆ ಒಂದೆರಡು ಸಲ ಹಬ್ಬಕ್ಕೆ ಶುಭಾಶಯ ಹೇಳಿದ್ದರಷ್ಟೆ. ಮದುವೆಯಾದ ಹೊಸತರಲ್ಲಿ ಕೆಲಸಕ್ಕೆಂದು ನಾವು ಕಿಸುಮುವಿನಲ್ಲಿದ್ದುದರಿಂದ ಸ್ವಾಹಿಲಿ ನನಗೂ ಬರುತ್ತದೆ, ಕಿಬೂಕಾನಿಗೂ. ಆರೋಗ್ಯ, ಮಳೆ, ಮೀನು ಎಲ್ಲ ಕೇಳಿಯಾದ ಮೇಲೆ ದನಿ ತಗ್ಗಿಸಿದರು.

"ಒಂದು ಮಾತು ಹೇಳ್ತೀನಿ, ಗುಂಪಿನಲ್ಲಿ ಹೇಳಬಾರದು. ನಂಗೆ ಫೋಟೋ ಕಾಣ್ಸಲ್ಲ ಮಗಳೇ. ಕಣ್ಣೊಳಗೆ ಒತ್ತಡ ಜಾಸ್ತಿಯಾಗಿದೆ ಅಂತಾರೆ ಡಾಕ್ಟ್ರು. ಮೊದಲು ಅಂಚು ಹೋಯ್ತು, ಈಗ ನಡುವೂ ಹೋಗ್ತಾ ಇದೆ."

"ಮತ್ತೆ ನನ್ನ ಫೋಟೋಗೆ ಮೊದಲು ಬರೆಯೋದು ನೀವೇ ಅಲ್ವಾ?"

"ಬರೆಯೋಕೆ ಸೊಸೆ ಇದಾಳೆ. ನಿನ್ನ ಫೋಟೋ ಅಲುಗಾಡಿದೆ ಅನ್ನೋಕೆ ಕಣ್ಣು ಯಾಕೆ ಬೇಕು?"

ನಗು ಬಂತು. ನಕ್ಕಿದ್ದಕ್ಕೆ ಬೇಸರವೂ ಆಯಿತು. ಆಮೇಲೆ ಅವರು ಕೇಳಿದ್ದು ಇದು: ಆ ಸುತ್ತಿಗೆತಲೆಯ ಗೂಡು ದಿನದಿನವೂ ಹೇಗೆ ಏಳುತ್ತಿದೆ ಎಂದು ನಾನು ಬಾಯಲ್ಲಿ ಹೇಳಿ ಕಳಿಸಬೇಕು. ಬೇರೆ ಯಾರನ್ನಾದರೂ ಕೇಳಿ ಎಂದರೆ, "ಫಿಲೆಮೋನಿ ಕ್ಯಾಮೆರಾದ ಬಗ್ಗೆ ಹೇಳ್ತಾನೆ, ಹಕ್ಕಿ ಬಗ್ಗೆ ಹೇಳಲ್ಲ" ಅಂದರು.

ಆಯ್ತು ಅಂದೆ. ಫೋನಿಟ್ಟ ಮೇಲೆ ಸಿಟ್ಟು ಬಂತು. ಮನೆಯಲ್ಲಿ ಒಬ್ಬನ ಕೈಕಾಲು ನಾನೇ, ನಾಲಿಗೆ ನಾನೇ. ಇನ್ನು ಸರೋವರದ ಆಚೆ ದಡದ ಇನ್ನೊಬ್ಬರಿಗೆ ಕಣ್ಣೂ ನಾನೇ ಆಗಬೇಕೆ?

ಫೆಬ್ರವರಿ ೨೬

ಕಳಿಸಿದೆ. "ಹಕ್ಕಿ ಕಂದು. ಮರದ ಮೇಲಿದೆ. ಬಾಯಲ್ಲಿ ಕಡ್ಡಿ."

ಉತ್ತರ ಬಂತು: "ಇದೇನು ಪೊಲೀಸ್ ಠಾಣೆ ವರದಿನಾ? ಕಂದು ಅಂದ್ರೆ ಯಾವ ಕಂದು? ಪ್ರಪಂಚದಲ್ಲಿ ಒಂದೇ ಕಂದು ಇದೆಯಾ?"

ಮುದುಕರಿಗೆ ಎಷ್ಟು ಮಾಡಿದರೂ ಅಷ್ಟೇ. ಇನ್ನು ಕಳಿಸುವುದಿಲ್ಲ.

ಮಾರ್ಚ್ ೪

ಸರೋವರದ ನೊಣಗಳು ಹೊಗೆಯ ಹಾಗೆ ಎದ್ದು ಬಂದಿವೆ. ಹೊಲಿಯುವ ಬಟ್ಟೆಯ ಮೇಲೆಲ್ಲ ಅವೇ. ಮಧ್ಯಾಹ್ನ ಕಿಬೂಕಾನ ಕುರ್ಚಿಯನ್ನು ಜಗಲಿಗೆ ಎಳೆದು, ಬಾಳೆಕಾಯಿ, ಶೇಂಗಾ ಸಾರು ಕಲಸಿ ತಿನ್ನಿಸಿದೆ. ಮರದ ಕಡೆ ಮುಖ ಮಾಡಿ ಕೂತ. ನಾನು ಯಾಕೋ ಫೋನು ತೆಗೆದು ಹೇಳತೊಡಗಿದೆ. "ಮ್ಜೇ, ಕಡ್ಡಿಗಳ ರಾಶಿ ಈಗ ಬಾಣಲೆಯಷ್ಟಾಗಿದೆ. ಹಕ್ಕಿಯ ಕಂದು ಹಾಲು ಹಾಕದ ಚಹಾದ ಥರ."

"ಅಲ್ಲ."

ಬಾಗಿಲಿಗೆ ಗಿರಾಕಿ ಬಂದರೇನೋ ಎಂದು ತಿರುಗಿದೆ. ಯಾರೂ ಇಲ್ಲ. ಕಿಬೂಕಾ ಮರವನ್ನೇ ನೋಡುತ್ತಿದ್ದ.

"ಏನಂದೆ?"

"ಕಾಲೆ."

"ಅದಲ್ಲ, ಈಗ ಇನ್ನೇನೋ ಅಂದೆಯಲ್ಲ?"

"ಕಾಲೆ! ಕಾಲೆ!" ಕುರ್ಚಿಯ ಕೈಗೆ ಗುದ್ದಿದ.

ಅದನ್ನೆಲ್ಲ ಅಳಿಸಲು ಬರದೆ ಹಾಗೆಯೇ ಕಳಿಸಿಬಿಟ್ಟೆ. ಮ್ಜೇ ಹೇಳಿದರು: "ನಿನ್ನ ಹಿಂದೆ ಒಬ್ರು ಅಲ್ಲ ಅಂದ್ರಲ್ಲ, ಯಜಮಾನರಾ? ಅವ್ರು ಹೇಳಿದ್ದೇ ಸರಿಯಿರಬೇಕು. ಕೇಳು ಅವ್ರನ್ನ, ಹಾಗಾದ್ರೆ ಯಾವ ಕಂದು ಅಂತ."

ಮಾರ್ಚ್ ೧೧

ಒಂದು ವಾರದಿಂದ ನಾನು ಬಣ್ಣ ಹೇಳುವುದು, ಅವನು ಅಡ್ಡಡ್ಡ ತಲೆಯಾಡಿಸುವುದು. ಇಟ್ಟಿಗೆ? ತಲೆಯಾಡಿಸಿದ. ಬೆಲ್ಲ? ಇಲ್ಲ. ಸುಟ್ಟ ಕಡಲೆ? ಮುಖ ಸಿಂಡರಿಸಿದ, ಹಿಂದೆ ಅಂಗಡಿಯವರು ತಪ್ಪು ಬಣ್ಣದ ಡಬ್ಬ ಕಳಿಸಿದಾಗ ಸಿಂಡರಿಸುತ್ತಿದ್ದ ಹಾಗೆ. ಇವತ್ತು ನನಗೆ ರೋಸಿ ಹೋಯಿತು. ಚೂರು ಬಟ್ಟೆಗಳ ಬುಟ್ಟಿಯನ್ನು ತಂದು ಅವನ ತೊಡೆಯ ಮೇಲೆ ಬೋರಲು ಹಾಕಿದೆ. "ತೋರಿಸು ಹಾಗಾದ್ರೆ! ಬರೀ ಅಲ್ಲ ಅಲ್ಲ ಅಂದ್ರೆ?"

ಎಡಗೈಯಿಂದ ಕೆದಕಿದ. ಈ ಊರಿನ ಎಲ್ಲ ಶಾಲೆಗಳೂ ಆ ಬುಟ್ಟಿಯಲ್ಲಿವೆ. ನೀಲಿಗಳನ್ನು ಕೆಳಗೆ ಹಾಕಿದ, ಹಸಿರನ್ನು ಹಾಕಿದ, ಖಾಕಿಯನ್ನು ಹಾಕಿದ. ಕೊನೆಗೆ ಬೆಟ್ಟದ ಮೇಲಿನ ಹುಡುಗಿಯರ ಶಾಲೆಯ ಕಾಫಿ ಬಣ್ಣದ ಚೂರು ಹಿಡಿದ. ಅದನ್ನು ನೋಡಿದ, ಹಕ್ಕಿಯನ್ನು ನೋಡಿದ, ಒಪ್ಪಿಗೆಯಾಗಲಿಲ್ಲ. ಬಗ್ಗಿ ಜಗಲಿಯ ಅಂಚಿನಿಂದ ಬೆರಳಿನಲ್ಲಿ ಏನನ್ನೋ ಬಳಿದು ಚೂರಿನ ಮೇಲೆ ಉಜ್ಜಿದ. ತುಟಿ ಎರಡು ಮೂರು ಸಲ ಅಲುಗಾಡಿತು.

"ಧೂ... ಧೂಳು."

ನಾನು ಹಕ್ಕಿಯನ್ನು ಮತ್ತೊಮ್ಮೆ ನೋಡಿದೆ. ಆಮೇಲೆ ಫೋನು ತೆಗೆದುಕೊಂಡೆ. "ಮ್ಜೇ, ಇವನು ಹೇಳ್ತಿದಾನೆ, ಧೂಳಂತೆ. ಕಾಫಿ ಬಣ್ಣದ ಲಂಗ ಉಟ್ಟ ಹುಡುಗಿ ಬೇಸಿಗೆಯಲ್ಲಿ ಮಣ್ಣುದಾರಿ ಹಿಡಿದು ಮನೆಗೆ ಬಂದ ಹಾಗಿದೆ ಹಕ್ಕಿ."

ಉತ್ತರ ಬಂತು: "ಹಾಂ. ಈಗ ಕಂಡಿತು."

ಕಿಬೂಕಾ ಅದನ್ನು ಮತ್ತೆ ಹಾಕು ಎಂದು ಫೋನಿಗೆ ಬೆರಳು ತೋರಿಸಿದ. ಮತ್ತೆ ಹಾಕಿದೆ. ಮತ್ತೂ ಬೆರಳು ತೋರಿಸಿದಾಗ ಬೈದೆ. ಜಗಲಿ ತುಂಬ ಚೂರು ಬಟ್ಟೆ. ಗುಡಿಸಿ ಸೊಂಟ ಬಿದ್ದುಹೋಯಿತು.

ಮಾರ್ಚ್ ೧೯

ಬಚ್ಚಲಲ್ಲಿ ಬಿದ್ದ. ಎತ್ತಲಾಗದೆ ಇಬ್ಬರೂ ಒದ್ದೆ ನೆಲದ ಮೇಲೆ ಕೂತಿದ್ದೆವು. ಪಕ್ಕದ ಮನೆಯ, ಬಾಡಿಗೆಗೆ ಬೋಡಾ ಬೈಕು ಓಡಿಸುವವನು ಬಂದು ಎತ್ತಿದ. ಕಿಬೂಕಾ ನನ್ನ ಕೈ ತಳ್ಳಿದ. ನಾನು ಕಿರುಚಿದೆ. ಏನು ಕಿರುಚಿದೆ ಎಂದು ಇಲ್ಲಿ ಬರೆಯುವುದಿಲ್ಲ. ಬೈಕಿನವನು ತಲೆ ತಗ್ಗಿಸಿಕೊಂಡು ಹೋದ.

ತೆರೇಸಾ ಅಕ್ಕನಿಗೆ ಫೋನು ಮಾಡಿ, ಈಸ್ಟರ್‌ವರೆಗೆ ಕಾಯಬೇಡಿ, ಈಗಲೇ ಬನ್ನಿ ಅಂದೆ. "ಅವನ ಕೋಣೆಗೆ ಸುಣ್ಣ ಹೊಡೆಸ್ತಿದೀನಿ ಕಣಮ್ಮ, ಇನ್ನೂ ಹಸಿ ಇದೆ. ಹಬ್ಬ ಆಗ್ಲಿ, ಖಂಡಿತ ಬರ್ತೀನಿ" ಅಂದರು.

ಮಾರ್ಚ್ ೨೪

ಬಿದ್ದ ದಿನದಿಂದ ಯಾರಿಗೂ ಏನೂ ಕಳಿಸಿರಲಿಲ್ಲ. ಮ್ಜೇ ಯಾಕೆಂದು ಕೇಳಲಿಲ್ಲ. ಇವತ್ತು ಅವರದೇ ಧ್ವನಿ ಬಂತು.

"ಮಗಳೇ, ಇಷ್ಟು ದಿನ ನೀನು ಕೊಟ್ಟೆ, ಇವತ್ತು ನಂದು ತಗೋ. ಜಗಲಿ ಮೇಲೆ ಕೂತಿದೀನಿ. ಕೆಳಗೆ ದಡದಲ್ಲಿ ಹೆಂಗಸರು ಪುಟಾಣಿ ಮೀನು ಒಣಗಿಸ್ತಿದಾರೆ. ಬಲೆ ಮೇಲೆ ಮೀನು ಕೊಡವಿದ್ರೆ ಮರಳು ಸುರಿದ ಸದ್ದು ಬರುತ್ತೆ, ಕೇಳಿಸ್ತಾ? ಈಗ ಮೀನು ಹದ್ದು ಕೂಗ್ತು. ಅದಕ್ಕೆ ಗಂಟಲಲ್ಲಿ ನೀರು ತುಂಬಿಕೊಂಡು ನಗೋ ಅಭ್ಯಾಸ. ನನ್ನ ಸೊಸೆ ಒಳಗೆ ಪಾತ್ರೆ ಕುಕ್ತಿದಾಳೆ, ನಾನು ಔಷಧಿ ತಗೊಂಡಿಲ್ಲ ಅಂತ ಆ ಸದ್ದು. ಅಷ್ಟೇ ಇವತ್ತಿಗೆ. ನೀನೇನೂ ಹೇಳಬೇಡ."

ಇಸ್ತ್ರಿ ಮಾಡುತ್ತಾ ಎರಡು ಸಲ ಕೇಳಿದೆ. ಸದ್ದನ್ನೂ ಹೀಗೆ ನೋಡಬಹುದೆಂದು ನನಗೆ ಗೊತ್ತಿರಲಿಲ್ಲ. ಪಾತ್ರೆಯ ಸದ್ದು ಬಂದಾಗ ಕಿಬೂಕಾ ನನ್ನ ಕಡೆ ನೋಡಿದ. ನಾನೂ ಅವನಿಗೆ ಹಾಗೆಯೇ ಕೇಳಿಸುತ್ತೇನೇನೋ.

ಏಪ್ರಿಲ್ ೨

ಮೊನ್ನೆಯ ಬಿರುಗಾಳಿಗೆ ಗೂಡಿನ ಅರ್ಧ ಉದುರಿತು. ಮರದ ಬುಡದಲ್ಲಿ ಸೌದೆಯ ಹೊರೆಯಷ್ಟು ಕಡ್ಡಿ. ನನಗೆ ಎಷ್ಟು ಸಂಕಟವಾಯಿತೆಂದರೆ ಮೆಷೀನಿನ ಮುಂದೆ ಕೂರಲಾಗಲಿಲ್ಲ. ಆ ಎರಡು ಹಕ್ಕಿಗಳು ಮಾತ್ರ ಬೆಳಿಗ್ಗೆ ಬಂದು, ಸ್ವಲ್ಪ ಹೊತ್ತು ಅಕ್ಕಪಕ್ಕ ನಿಂತು, ಬಿದ್ದ ಕಡ್ಡಿಗಳನ್ನೇ ಮತ್ತೆ ಎತ್ತಿಕೊಂಡು ಹೋದವು.

ನಾನು ಬುಟ್ಟಿಯ ಚೂರು ಬಟ್ಟೆಗಳನ್ನು ಬೇಲಿಯ ಮೇಲೆ ಹರಡಿದೆ. ಈ ಹಕ್ಕಿಗೆ ಚಿಂದಿ ಎಂದರೆ ಆಸೆ, ಗೂಡಿಗೆ ಸಿಕ್ಕಿಸಿಕೊಳ್ಳುತ್ತದೆ. ಗುಂಪಿಗೆ ತಿಳಿಸಿದ್ದೇ ತಡ, ಮೊದಲು ಯಾವ ಶಾಲೆಯನ್ನು ಎತ್ತುತ್ತದೆ ಎಂದು ಮೂರು ದೇಶಗಳಲ್ಲಿ ಜಗಳ. "ಕೆಂಪು! ಗಂಡು ಹಕ್ಕಿಗೆ ಕೆಂಪೇ ಬೇಕು" ಎಂದು ಒಬ್ಬರು. ಫಿಲೆಮೋನಿ ತಿಳಿನೀಲಿಗೆ ಮೂರು ಕಾರಣ ಕೊಟ್ಟ. ಮ್ಜೇ, "ಓದೋ ಹಕ್ಕಿಯಾದ್ರೆ ಬೆಟ್ಟದ ಮೇಲಿನ ಶಾಲೆ, ಆಟ ಆಡೋ ಹಕ್ಕಿಯಾದ್ರೆ ಸರ್ಕಾರಿ ಶಾಲೆ" ಎಂದು ಹೇಳಿ ಸೊಸೆಯ ಕೈಯಲ್ಲಿ ಬರೆಸಿದರು.

ಹಕ್ಕಿ ಬಂತು. ಬೇಲಿಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯಿತು, ಅಂಗಡಿಗೆ ಬಂದ ಹೆಂಗಸಿನ ಹಾಗೆ. ಯಾವುದೂ ಹಿಡಿಸಲಿಲ್ಲ. ಜಗಲಿಗೆ ಹಾರಿ, ಮೆಷೀನಿನ ಮೇಲಿದ್ದ ನನ್ನ ಅಳತೆ ಟೇಪನ್ನು ಕಚ್ಚಿಕೊಂಡು ಎದ್ದಿತು. ಹಳದಿ ಟೇಪು ಗಾಳಿಯಲ್ಲಿ ಹಾವಿನ ಹಾಗೆ ಅಲೆಯುತ್ತಾ ಹೋಯಿತು. ನಾನು "ಅಯ್ಯೋ ನನ್ನ ಟೇಪು! ಲೇ ಕಳ್ಳಿ!" ಎಂದು ಬರಿಗಾಲಲ್ಲಿ ರಸ್ತೆಗೆ ಓಡಿದೆ. ತಿರುಗಿದರೆ ಕಿಬೂಕಾನ ಭುಜ ಕುಣಿಯುತ್ತಿತ್ತು. ಉಸಿರು ಸಿಕ್ಕಿಕೊಂಡಿತೆಂದು ಹೆದರಿ ಬಂದೆ. ನಗುತ್ತಿದ್ದ. ಬಾಯಿ ಒಂದು ಕಡೆ ಮಾತ್ರ ಏಳುತ್ತಿತ್ತು, ಕಣ್ಣಲ್ಲಿ ನೀರು. ನಾನೂ ಮೆಟ್ಟಿಲ ಮೇಲೆ ಕೂತು ನಕ್ಕೆ.

ಫಿಲೆಮೋನಿ ಬರೆದ: "ಗೂಡಿನ ಅಳತೆ ತಗೋಬೇಕಲ್ಲ ಮೇಡಂ ಅದಕ್ಕೆ." ಅವನಿಗೂ ತಮಾಷೆ ಬರುತ್ತದೆ!

ಹೊಸ ಟೇಪು ತರಬೇಕು.

ಏಪ್ರಿಲ್ ೧೧

ಮ್ಜೇ ಕಣ್ಣಿಗೆ ಶಸ್ತ್ರಚಿಕಿತ್ಸೆಯಂತೆ, ತಿಂಗಳ ಕೊನೆಗೆ. ಇರುವಷ್ಟನ್ನು ಉಳಿಸಲು ನೋಡುತ್ತಾರಂತೆ, ಹೋದದ್ದು ಬರುವುದಿಲ್ಲವಂತೆ. ಗುಂಪಿನಲ್ಲಿ ಹೇಳು ಎಂದರು, ತಾವೇ ಹೇಳಲು ಆಗದು. ಹೇಳಿದೆ. ಮೊದಲು ಬಂದದ್ದು ಫಿಲೆಮೋನಿಯ ಧ್ವನಿ. ಗುಂಪಿಗೆ ಸೇರಿದಾಗಿನಿಂದ ಅವನ ದನಿ ಕೇಳಿದ್ದು ಇದೇ ಮೊದಲು, ಎಳೆಯ ದನಿ. "ಮ್ಜೇ, ಇವತ್ತಿನ ನನ್ನ ಫೋಟೋ ಮಿಂಚುಳ್ಳಿ. ಉದ್ದ ಇಪ್ಪತ್ತೈದು ಸೆಂಟಿಮೀಟರ್. ಕಪ್ಪು ಬಿಳುಪು. ಅದು... ಅದು ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡೀತಾ ನಿಂತಿದೆ. ಬೀಳೋದೋ ಬೇಡವೋ ಅಂತ ಯೋಚಿಸ್ತಿದೆ. ಕ್ಷಮಿಸಿ, ನಂಗೆ ಹೇಳೋಕೆ ಬರಲ್ಲ."

"ಬರುತ್ತಲ್ಲಯ್ಯಾ" ಅಂದರು ಮ್ಜೇ.

ಸಂಜೆ ನನಗೆ ಫೋನು ಮಾಡಿ, "ಹೆದರಿಕೆ ಆಗ್ತಿದೆ" ಅಂದರು. ಕಿಬೂಕಾ ಕೈ ಚಾಚಿದ. ಫೋನನ್ನು ಅವನ ಕಿವಿಗೆ ಹಿಡಿದೆ. ಬಹಳ ಹೊತ್ತು ಉಸಿರಾಡಿದ.

"ನಂಗೂ" ಅಂದ.

ಏಪ್ರಿಲ್ ೨೩

ತೆರೇಸಾ ಅಕ್ಕ ಬಂದರು. ಕಾರು, ಹಿಂದಿನ ಸೀಟಿಗೆ ದಿಂಬು, ಎಲ್ಲ ತಯಾರಿ. ನಾನೂ ನಿನ್ನೆಯೇ ಕಿಬೂಕಾನ ಅಂಗಿ, ಔಷಧಿ ಚೀಲಕ್ಕೆ ತುಂಬಿದ್ದೆ. ಅಕ್ಕನಿಗೆ ಚಹಾ ಕೊಟ್ಟೆ.

ಕಿಬೂಕಾ ಜಗಲಿಯಲ್ಲಿ ಫೋನು ಹಿಡಿದು ಕೂತಿದ್ದ. ಹಕ್ಕಿಗಳು ಗೂಡಿನ ಬಾಗಿಲಿಗೆ ಕೆಸರು ಮೆತ್ತುತ್ತಿವೆ, ಮ್ಜೇಗೆ ಅದರ ಸುದ್ದಿ ಬೇಕು. ಅಕ್ಕ ಹೋಗಿ ಅವನ ತಲೆ ಸವರಿ, "ನಡಿಯೋ ತಮ್ಮಾ, ಊರಿಗೆ ಹೋಗೋಣ" ಅಂದರು. ಅವನು ಎಡಗೈ ಎತ್ತಿ ಅವರನ್ನು ತಡೆದ.

"ಒದ್ದೆ... ಕಪ್ಪು. ಅಲ್ಲ. ಬೂ... ಬೂದು. ಒಣಗಿದ್ದು... ತಿಳಿ. ಎರಡು ಬಣ್ಣ."

ಫೋನಿನಿಂದ ಮ್ಜೇ: "ಮೇಲೆ ತಿಳಿಯೋ, ಕೆಳಗೆ ತಿಳಿಯೋ?"

"ತಡಿ." ಅವನು ಮರದ ಕಡೆ ಬಗ್ಗಿ ನೋಡಿದ.

ಅಕ್ಕ ಬಾಯಿಗೆ ಕೈಯಿಟ್ಟುಕೊಂಡು ಒಳಗೆ ಬಂದರು. "ಇದು ಯಾವಾಗಿಂದ? ನಂಗ್ಯಾಕೆ ಹೇಳ್ಲಿಲ್ಲ?"

"ಏನನ್ನ?"

"ಮಾತಾಡ್ತಿದಾನಲ್ಲೇ!"

ಹೌದಲ್ಲ ಅನ್ನಿಸಿತು. ಆದರೆ ಬಣ್ಣದ ವಿಷಯ ಮಾತ್ರ ಅಂದೆ. ಆಮೇಲೆ ಮುಂದಿನ ತಿಂಗಳು ಎರಡನೇ ಅವಧಿಯ ಶಾಲೆ ಶುರು, ಬಟ್ಟೆ ಬಂದು ಬಿದ್ದಿದೆ, ಬಣ್ಣ ಬೇರ್ಪಡಿಸಿ ಕೊಡಲು ಒಬ್ಬರು ಬೇಕು, ಅದೂ ಅಲ್ಲದೆ ಮಳೆಗಾಲದ ರಸ್ತೆ, ಈ ಸಲ ಬೇಡ ಅಕ್ಕ ಎಂದೆ. ಯಾಕೆ ಹಾಗೆ ಹೇಳಿದೆನೋ ತಿಳಿಯದು. ಚೀಲ ಹೊತ್ತು ಕಾರಿಗಿಡುವಷ್ಟು ಶಕ್ತಿ ಇರಲಿಲ್ಲ, ಅದಕ್ಕೇ ಇರಬೇಕು.

"ಸುಣ್ಣ ಹೊಡೆಸಿದ್ದು ದಂಡ ಆಯ್ತು" ಎಂದು ಗೊಣಗಿದರು. ಹೊರಡುವಾಗ ನನ್ನನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಒಂದು ಹಲಸಿನ ಹಣ್ಣು ಕೊಟ್ಟು ಕಳಿಸಿದೆ. ಚೀಲ ಇನ್ನೂ ಬಾಗಿಲ ಹತ್ತಿರವೇ ಇದೆ, ಬಿಚ್ಚಿ ಜೋಡಿಸಬೇಕು.

ಮೇ ೫

ಮ್ಜೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ನಿನ್ನೆ ಮಧ್ಯಾಹ್ನ ಫೋನು ಮಾಡಿದರು. ಎಡಗಣ್ಣು ಹೋಯಿತಂತೆ. ಬಲಗಣ್ಣಿಗೆ ಬೆಳಕು, ನೆರಳು, ಅಷ್ಟೆ. "ಬಿಳಿ ಗೋಡೆ ಮುಂದೆ ಬಿಳಿ ಬೆಕ್ಕು ನಡೆದ ಹಾಗೆ ಕಾಣುತ್ತೆ ಮಗಳೇ" ಎಂದು ನಗಲು ನೋಡಿದರು, ಆಗಲಿಲ್ಲ. ವಿಮಾನವೊಂದು ನಮ್ಮ ಹೆಂಚಿಗೆ ತಾಗುವಷ್ಟು ಕೆಳಗೆ ಹಾರಿ ನಿಲ್ದಾಣದ ಕಡೆ ಇಳಿಯಿತು.

"ನಿಮ್ಮ ಕಡೆ ಇವತ್ತು ನೀರು ಯಾವ ಬಣ್ಣ ಇದೆ?" ಎಂದು ಕೇಳಿದರು.

ನಮ್ಮ ಜಗಲಿಯಿಂದ ಎರಡು ಸೂರುಗಳ ನಡುವೆ ಸರೋವರದ ಒಂದು ಪಟ್ಟಿ ಕಾಣುತ್ತದೆ. ಬೂದು ಅಂದೆ. ಕಿಬೂಕಾ ನಾಲಿಗೆ ಲೊಚಗುಟ್ಟಿ ಫೋನಿಗೆ ಕೈ ಚಾಚಿದ. ಕೊಟ್ಟುಬಿಟ್ಟೆ. ಬೆಳಗಿನಿಂದ ಗುಂಡಿ ಹಾಕಿ ಹಾಕಿ ಕಣ್ಣು ಉರಿಯುತ್ತಿತ್ತು. ಒಂದು ನಿಮಿಷ ಬೆನ್ನು ಚಾಚೋಣವೆಂದು ಒಳಗೆ ಹೋದೆ.

"ಸೀಸದ ಥರಾನಾ?" ಮ್ಜೇ ದನಿ ಜಗಲಿಯಿಂದ ಕೇಳುತ್ತಿತ್ತು.

"ಅಲ್ಲ."

"ಮೀನಿನ ಬೆನ್ನಾ?"

"ಹೊ... ಹೊಟ್ಟೆ."

"ಯಾವ ಮೀನಯ್ಯಾ? ಹಾಗೆ ಹೇಳಿದ್ರೆ ಹೇಗೆ? ಸರೋವರದಲ್ಲಿ ಒಂದೇ ಮೀನಾ?"

"ದೊಡ್ಡ... ದೊಡ್ಡದು."

"ದೊಡ್ಡದು ಅಂದ್ರೆ? ಹಿಡಿದು ತಿಂದವನು ನಾನು, ನಂಗೇ ಹೇಳ್ತೀಯಾ? ಬಿಸಿಲಲ್ಲಿ ಇಟ್ಟ ಮೀನೋ ಈಗ ತಾನೇ ಹಿಡಿದದ್ದೋ?"

"ತಡಿ! ತಡಿ ಅಂದೆ!"

ಅದು ಎಲ್ಲಿಗೆ ಮುಗಿಯಿತೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಗೋಡೆಯಿಂದ ಇಳಿದು ಹೋಗಿತ್ತು. ಹೊದಿಕೆಯ ಮಡಿಕೆ ಕೆನ್ನೆಗೆ ಅಚ್ಚೊತ್ತಿತ್ತು. ಲಂಗ ಕೇಳಿಕೊಂಡು ಬಂದ ಗಿರಾಕಿಯನ್ನು ಕಿಬೂಕಾ ತುಟಿಯ ಮೇಲೆ ಬೆರಳಿಟ್ಟು ವಾಪಸು ಕಳಿಸಿದನಂತೆ, ಇವತ್ತು ಬಂದಾಗ ಅವಳೇ ಹೇಳಿ ನಕ್ಕಳು. ಜಗಲಿಗೆ ಹೋದೆ. ಅವನು ಫೋನನ್ನು ಎದೆಯ ಮೇಲಿಟ್ಟುಕೊಂಡು, ತಲೆ ಒಂದು ಕಡೆ ವಾಲಿಸಿ, ತಾನೂ ನಿದ್ದೆ ಹೋಗಿದ್ದ. ಫೋನಿನ ಚಾರ್ಜು ಮುಗಿದಿತ್ತು. ಎಬ್ಬಿಸಲು ಹೋದವಳು ಎಬ್ಬಿಸಲಿಲ್ಲ. ಒಲೆ ಹಚ್ಚುವ ಕೆಲಸವಿತ್ತು, ಕತ್ತರಿಸಬೇಕಾದ ಬಟ್ಟೆಯಿತ್ತು. ಕೆಳಗಿನ ಮೆಟ್ಟಿಲ ಮೇಲೆ ಕೂತು, ಎರಡು ಸೂರುಗಳ ನಡುವೆ ಆ ನೀರು ಮೀನಿನ ಹೊಟ್ಟೆಯಿಂದ ಇನ್ನೇನೋ ಆಗುವುದನ್ನು, ಅದಕ್ಕೆ ಹೆಸರು ಹುಡುಕದೆ, ನೋಡುತ್ತಿದ್ದೆ.